ಹಸಿರು ಬಂತು ನಿಜ, ಆದರೆ ಯಾಕೆ ಬಂತು?

"ಮೇಡಮ್, ಇದು ಫೇಲ್ ಆಗೂದು ಖರೇನೋ, ಪಾಸ್ ಆಗೂದು ಖರೇನೋ?"

ಮಂಗಳವಾರ ಆ ಜಮಖಂಡಿ ಹುಡುಗಿ ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಎಂಜಿನಿಯರಿಂಗ್ ಮುಗಿಸಿ ಈಗಷ್ಟೇ ಬೆಳಗಾವಿಗೆ, ನಮ್ಮ ತಿಲಕವಾಡಿ ಆಫೀಸಿಗೆ ಬಂದವಳು. ಮಾತು ಕಡಿಮೆ. ಬಾಯಿ ತೆರೆದರೆ ಹೀಗೆ.

ಡಿಸ್ಕ್ ಕೋಟಾ ಅಂದರೆ ಒಬ್ಬೊಬ್ಬ ಯೂಸರ್ ಡಿಸ್ಕ್‌ನಲ್ಲಿ ಎಷ್ಟು ಬಳಸಬಹುದು ಅನ್ನುವ ಮಿತಿ. ನಮ್ಮಲ್ಲಿ ಅದಕ್ಕೆ ಅಂತ ಒಂದು ಆಟೋಮೇಟೆಡ್ ಟೆಸ್ಟ್ ಇದೆ. ಒಬ್ಬ ಯೂಸರ್‌ಗೆ 50 ಎಂಬಿ ಹಾರ್ಡ್ ಲಿಮಿಟ್, ಅಂದರೆ ದಾಟಲೇಬಾರದ ಮಿತಿ, ಹಾಕಿ, 60 ಎಂಬಿ ಬರೆಯಲು ಹೋಗುತ್ತದೆ. ಬರೆಯಲು ಆಗದಿದ್ದರೆ ಪಾಸ್. ಪಾಸ್ ಆದರೆ ಹಸಿರು, ಫೇಲ್ ಆದರೆ ಕೆಂಪು. ಇದು ಇವತ್ತು ಹಸಿರು, ನಾಳೆ ಕೆಂಪು. ಕೆಂಪಾದಾಗೆಲ್ಲ ನಮ್ಮ ಹಿರಿಯರದ್ದು ಒಂದೇ ಮಂತ್ರ: "ರೀರನ್ ಕೊಡ್ರಿ, ಪಾಸ್ ಅಕ್ಕೈತಿ." ಆಗುತ್ತಲೂ ಇತ್ತು! ಒಳ್ಳೆಯ ಮನುಷ್ಯ, ರಜೆ ಕೇಳಿದರೆ ಇಲ್ಲ ಅನ್ನುವುದಿಲ್ಲ. ಆದರೆ ಹಸಿರು ಕಂಡರೆ ಸಾಕು, ಅವರ ಮಟ್ಟಿಗೆ ಊರೇ ಸುಭಿಕ್ಷ.

ಹುಡುಗಿಗೆ ಮಾತ್ರ ಸಮಾಧಾನ ಇಲ್ಲ. ಇಬ್ಬರೂ ಕೂತು ಲಾಗ್ ತೆಗೆದೆವು.

ಟೆಸ್ಟ್ ಓಡುವುದು ಒಂದೊಂದು ಸಲ ಒಂದೊಂದು ಮಷಿನ್‌ನಲ್ಲಿ. ಕೆಂಪು ಬಂದ ಮಷಿನ್‌ಗಳಲ್ಲೆಲ್ಲ ಅದು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಅಡ್ಮಿನ್ ಯೂಸರ್ ಆಗಿ ಓಡಿತ್ತು. ಲಿನಕ್ಸ್‌ನಲ್ಲಿ ಕೋಟಾ ಲೆಕ್ಕ ಬೀಳುವುದು ಫೈಲಿನ ಮಾಲೀಕನ ಹೆಸರಿಗೆ. ರೂಟ್ ಬರೆದದ್ದು ರೂಟ್ ಖಾತೆಗೆ, ಮಿತಿ ಹಾಕಿಸಿಕೊಂಡ ಬಡಪಾಯಿ ಯೂಸರ್‌ಗೆ ಸಂಬಂಧವೇ ಇಲ್ಲ. ಸಾಲದ್ದಕ್ಕೆ ಲಿನಕ್ಸ್ ಡಿಸ್ಕ್‌ನಲ್ಲಿ ಫೈಲುಗಳನ್ನು ಇಡುವ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್‌ನಲ್ಲಿ ರೂಟ್‌ಗೆ ಹಾರ್ಡ್ ಲಿಮಿಟ್ ದಾಟುವ ಅಧಿಕಾರವೂ ಇದೆ. 60 ಎಂಬಿ ಆರಾಮವಾಗಿ ಬರೆದು ಮುಗಿಸಿತ್ತು. ಅಂದರೆ ಕೋಟಾ ಕೆಟ್ಟಿರಲಿಲ್ಲ, ಫೇಲ್ ಖರೇ ಅಲ್ಲ.

ಹಾಗಾದರೆ ಪಾಸ್? ಉಳಿದ ಮಷಿನ್‌ಗಳಲ್ಲಿ ಅದೇ ಟೆಸ್ಟ್ ಸಾಮಾನ್ಯ ಯೂಸರ್ ಆಗಿ ಓಡಿತ್ತು, ಹಸಿರೂ ಬಂದಿತ್ತು. ಅವಳು ಎರರ್ ನಂಬರ್ ಮೇಲೆ ಬೆರಳಿಟ್ಟಳು. 13. ಕೋಟಾ ಮೀರಿದರೆ ಲಿನಕ್ಸ್ ಕೊಡಬೇಕಾದದ್ದು 122. 13 ಅಂದರೆ ಪರ್ಮಿಷನ್ ಡಿನೈಡ್, ಅನುಮತಿಯೇ ಇಲ್ಲ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕ್ ರೂಟ್‌ನ ಸ್ವತ್ತು, ಬೇರೆಯವರು ಅದರಲ್ಲಿ ಒಂದು ಹೊಸ ಫೈಲೂ ಮಾಡುವಂತಿಲ್ಲ. ಒಂದು ಅಕ್ಷರವೂ ಬರೆದಿಲ್ಲ, ಟೆಸ್ಟ್ ಮಾತ್ರ "ಕೋಟಾ ತಡೆಯಿತು" ಅಂತ ಟಿಕ್ ಹಾಕಿತ್ತು. ಬಾಗಿಲಿಗೆ ಬೀಗ ಬಿದ್ದಿದ್ದಕ್ಕೆ ಕಳ್ಳ ವಾಪಸ್ ಹೋದರೆ, ಮಲಗಿದ್ದ ವಾಚ್‌ಮನ್ ನಾನೇ ಓಡಿಸಿದೆ ಅಂದ ಹಾಗೆ.

ಅವಳು ಸುಮ್ನೆ ಕೋಟಾವನ್ನೇ ಆಫ್ ಮಾಡಿ ಮತ್ತೆ ಓಡಿಸಿದಳು. ಹಸಿರು! ಇಬ್ಬರೂ ಜೋರಾಗಿ ನಕ್ಕೆವು. ಆಮೇಲೆ ನನಗೆ ಸಿಟ್ಟು ಬಂತು. ಇಷ್ಟು ದಿನ ಈ ಹಸಿರನ್ನು ನೋಡಿಯೇ ಗಿರಾಕಿಗಳಿಗೆ ರಿಪೋರ್ಟ್ ಹೋಗಿದೆ. ಇದನ್ನು ಬರೆದವನು ಕೆಲಸ ಬಿಟ್ಟು ಹೋಗಿದ್ದಾನೆ, ಅವನ ಮೇಲೆ ಅಷ್ಟು ಕೋಪ ಇಲ್ಲ. ರೀರನ್ ಕೊಟ್ಟು ಕೊಟ್ಟು ಕೆಂಪನ್ನು ಮುಚ್ಚಿದವರ ಮೇಲೆ ಜಾಸ್ತಿ. ಮಷಿನ್ ಬದಲಾದಾಗ ಹಸಿರಾಗುತ್ತಿತ್ತು, ಅಷ್ಟೇ. ಶಾಲೆಯ ಹಾಜರಿ, ರಸ್ತೆ ಕೆಲಸದ ಬಿಲ್ಲು, ಎಲ್ಲ ಕಡೆ ಟಿಕ್ ಬಿದ್ದಿದೆಯಾ ಅಂತ ಕೇಳುವವರೇ. ಯಾತಕ್ಕೆ ಬಿತ್ತು ಅಂತ ಕೇಳಿದರೆ ನಾವೇ ತಲೆಹರಟೆ. ಇನ್ನು ಮಿತಿ ಹಾಕುವವನಿಗೆ ಮಾತ್ರ ಮಿತಿ ತಾಗದು ಅನ್ನುವುದು, ಅದೇನು ಲಿನಕ್ಸ್‌ನ ಒಂದರ ಕಥೆಯೇ?

ರಿಪೇರಿ ದೊಡ್ಡದೇನಲ್ಲ. ಡೈರೆಕ್ಟರಿಯನ್ನು ಆ ಯೂಸರ್ ಹೆಸರಿಗೆ ಮಾಡಿ, ಬರೆಯುವುದನ್ನೂ ಅವನ ಹೆಸರಲ್ಲೇ ಮಾಡಿಸಿದೆವು. ಮೊದಲು 40 ಎಂಬಿ ಬರೆಯಬೇಕು, ಅದು ಆಗಲೇಬೇಕು. ಮೇಲೆ ಇನ್ನೂ 20 ಎಂಬಿ ಬರೆಯಲು ಹೋದರೆ ನಿಲ್ಲಬೇಕು, ಅದೂ 122 ಬಂದೇ ನಿಲ್ಲಬೇಕು. ಕೋಟಾ ಆಫ್ ಇದ್ದರೆ ಟೆಸ್ಟ್ ಕೆಂಪಾಗಲೇಬೇಕು. ಅದನ್ನೂ ಆಫ್ ಮಾಡಿ ನೋಡಿಕೊಂಡೆವು.

ಹಿರಿಯರಿಗೆ ತೋರಿಸಿದರೆ, "ಛಲೋ ಆತು, ಈಗ ಹಸಿರ ಐತಲ್ಲ?" ಅಂದರು. ಹುಡುಗಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

ಕೋಟಾದಲ್ಲಿ ಜಾಗಕ್ಕೆ ಒಂದು ಮಿತಿ, ಫೈಲುಗಳ ಸಂಖ್ಯೆಗೆ ಇನ್ನೊಂದು. ಆ ಎರಡನೆಯದರ ಟೆಸ್ಟನ್ನು ಅವಳು ಸಂಜೆ ತೆರೆದು ನೋಡಿದ್ದಾಳೆ. ಅದರಲ್ಲೂ ಅದೇ ಸಾಲು, ಬರೆಯಲು ಆಗದಿದ್ದರೆ ಪಾಸ್. ಸೋಮವಾರ ಕೈ ಹಾಕಬೇಕು. ಹಿರಿಯರಿಗೆ ಇನ್ನೂ ಹೇಳಿಲ್ಲ.