ನನ್ನ ಹೆಸರು ಹೊರಬೀಳಲಿಲ್ಲ

ನಾವು ಓದುವಾಗ ಕಾಲೇಜಿನಲ್ಲಿ ದೂರಿನ ಪೆಟ್ಟಿಗೆ ಒಂದಿತ್ತು. ಅದನ್ನು ತಗುಲಿಸಿದ್ದು ಆಫೀಸಿನ ಬಾಗಿಲ ಪಕ್ಕ, ಪ್ಯೂನ್ ಕೂರುವ ಸ್ಟೂಲಿನ ಮೇಲ್ಗಡೆ; ಕೀಲಿಕೈ ಹೆಡ್ ಕ್ಲರ್ಕ್ ಡ್ರಾಯರಿನಲ್ಲಿ. ಚೀಟಿ ಹಾಕಲು ಯಾರು ಕೈ ಎತ್ತಿದರೆಂದು ಫೀ ಕಟ್ಟುವ ಸಾಲಿಗೆಲ್ಲ ಕಾಣುತ್ತಿತ್ತು. ಹಾಗಾಗಿ ಅದರೊಳಗೆ ಬೀಳುತ್ತಿದ್ದದ್ದು ಫ್ಯಾನ್ ತಿರುಗುವುದಿಲ್ಲ, ಕ್ಯಾಂಟೀನಿನ ವಡಾಪಾವ್ ತಣ್ಣಗಿದೆ ಎಂಬಂಥ ದೂರುಗಳು ಮಾತ್ರ.

ಬಾಯಿಬಿಡಲಾಗದ ದೂರು ಬೇರೆಯೇ ಇತ್ತು. ನಮ್ಮ ಪ್ರಾಕ್ಟಿಕಲ್ ನೋಡಿಕೊಳ್ಳುತ್ತಿದ್ದ ಒಬ್ಬರ ಬಳಿ ಟ್ಯೂಷನ್‌ಗೆ ಹೋದವರಿಗೆ ಇಂಟರ್ನಲ್ ಅಂಕ ಸಲೀಸು. ಹೋಗದವರ ಪ್ರಾಕ್ಟಿಕಲ್ ಜರ್ನಲ್ಲಿಗೆ ಸಹಿಯೇ ಬೀಳುತ್ತಿರಲಿಲ್ಲ. ಸಹಿಯಿಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಅಪ್ಪ ಮುಂಬೈಯ ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಡೊಂಬಿವಲಿಯಿಂದ ಲೋಕಲ್ ಹಿಡಿದು ಬರುತ್ತಿದ್ದ ನಮ್ಮಂಥವರಿಗೆ ಆ ಟ್ಯೂಷನ್ ಫೀ ಎಟುಕುವ ಮಾತಲ್ಲ.

ಕೊನೆಗೆ ಧಾರವಾಡ ಕಡೆಯ ನಮ್ಮ ಗಣಿತದ ಮೇಡಂ ಹತ್ತಿರ ಹೋದೆ. "ಕೂಡವ್ವಾ, ಮೊದಲ ನೀರ ಕುಡಿ" ಎಂದರು. ನನ್ನ ಹೆಸರು ಬರಬಾರದು ಮೇಡಂ ಎಂದಾಗ ಅವರು ಸುಮ್ಮನೆ ಭರವಸೆ ಕೊಡಲಿಲ್ಲ. "ಯಾರ್ಯಾರಿಗೆ ಗೊತ್ತಾಗ್ತದ ಅನ್ನೂದನ್ನ ಮೊದಲ ಕೇಳ್ಕೋ. ನನಗ, ಪ್ರಿನ್ಸಿಪಾಲರಿಗೆ. ಮೂರನೇದವರಿಗೆ ಹೇಳೂದಾದ್ರ ನಿನ್ನ ಕೇಳಿ ಹೇಳ್ತೀನಿ."

ನಾನು ಬರೆದುಕೊಂಡು ಹೋಗಿದ್ದರಲ್ಲಿ ಹೆಸರಿರಲಿಲ್ಲ, ಆದರೆ ಮಂಗಳವಾರದ ಬ್ಯಾಚಿನಲ್ಲಿ ಒಬ್ಬಳ ಜರ್ನಲ್ ಎಲ್ಲರೆದುರು ಎಸೆದರು ಎಂದಿತ್ತು. ಮೇಡಂ ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟರು. "ಎಸೆದವರಿಗೆ ಯಾರದು ಅಂತ ಗೊತ್ತದಲ್ಲ?" ಅದನ್ನು ತೆಗೆದು, ಉಳಿದದ್ದನ್ನು ನನಗೇ ಓದಿ ಹೇಳಿ, ಸರಿ ಎಂದ ಮೇಲೆ ಒಯ್ದರು. ಪ್ರಿನ್ಸಿಪಾಲರು ತರಿಸಿಕೊಂಡದ್ದು ಒಂದು ಬ್ಯಾಚಿನದಲ್ಲ, ಎಲ್ಲ ಬ್ಯಾಚುಗಳ ಜರ್ನಲ್ಲು, ಅಂಕಪಟ್ಟಿ. ಬೆರಳು ಯಾರ ಕಡೆಗೂ ತಿರುಗಲಿಲ್ಲ. ಆಮೇಲೆ ಜರ್ನಲ್ಲಿಗೆ ಇಬ್ಬರ ಸಹಿ ಬೇಕೆಂದಾಯಿತು.

ವರ್ಷಗಳು ಕಳೆದ ಮೇಲೆ ಮಾಟುಂಗದ ಒಂದು ಮದುವೆಯಲ್ಲಿ ನಮ್ಮ ಲ್ಯಾಬಿನ ಅಣ್ಣ ಸಿಕ್ಕರು, ಕುಂದಾಪುರದವರು. "ನಾನೂ ಮೇಡಮ್ಮರ ಹತ್ರ ಹೇಳಿದ್ದೆ ಮಾರಾಯ್ತಿ" ಅಂದರು. ಆಗ ಅವರದು ಕಾಂಟ್ರಾಕ್ಟ್ ಕೆಲಸ. ನನಗಿಂತ ಅವರಿಗೇ ಕಳೆದುಕೊಳ್ಳುವುದು ಹೆಚ್ಚಿತ್ತು. ನನ್ನ ದೂರು ಅವರಿಗೆ ಗೊತ್ತಿರಲಿಲ್ಲ, ಅವರದು ನನಗೆ. ಮೇಡಂ ಮೇಲಿನ ಗೌರವ ಅಂದು ನೂರ್ಮಡಿಯಾಯಿತು. ಈಗ ಅಣ್ಣ ನಿವೃತ್ತರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಇಂದು ದಾರಿಗಳು ಹೆಚ್ಚಿವೆ. ಅಂಕ, ಮೌಲ್ಯಮಾಪನದ ಅನ್ಯಾಯಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇದೆ, ಅದರ ತೀರ್ಮಾನದ ಮೇಲೆ ಮೇಲ್ಮನವಿ ಕೇಳಲು ಓಂಬುಡ್ಸ್‌ಪರ್ಸನ್ ಇದ್ದಾರೆ. ರ‍್ಯಾಗಿಂಗ್ ಆದರೆ 1800-180-5522ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಮಹಾರಾಷ್ಟ್ರದಲ್ಲಿ 1999ರಿಂದಲೇ ಅದರ ವಿರುದ್ಧ ಕಾಯ್ದೆ ಇದೆ. ಲೈಂಗಿಕ ಕಿರುಕುಳಕ್ಕೆ ಆಂತರಿಕ ದೂರು ಸಮಿತಿ. 2013ರ ಕಾಯ್ದೆ ಗುತ್ತಿಗೆ, ದಿನಗೂಲಿಯ ಮಹಿಳಾ ಸಿಬ್ಬಂದಿಗೂ ಅನ್ವಯ. ದೂರಿತ್ತವರ ಹೆಸರು ವಿಳಾಸ ಬಯಲು ಮಾಡುವುದನ್ನು ಅದರ 16ನೇ ಕಲಮು ನಿಷೇಧಿಸುತ್ತದೆ. ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು: ಈ ಸಮಿತಿಗೆ ಕೊಟ್ಟ ಲಿಖಿತ ದೂರಿನ ಪ್ರತಿ ಎದುರು ಪಕ್ಷದವರಿಗೆ ಹೋಗಿಯೇ ಹೋಗುತ್ತದೆ, ಅವರಿಗೂ ಉತ್ತರಿಸುವ ಹಕ್ಕಿದೆ. ಗುಟ್ಟು ಅಂದರೆ ಸ್ಟಾಫ್‌ರೂಮಿಗೆ, ಕಾರಿಡಾರಿಗೆ, ವಾಟ್ಸಾಪ್ ಗ್ರೂಪಿಗೆ ಅದು ಹೋಗದಿರುವುದು. ಇದನ್ನು ಮೊದಲೇ ಹೇಳುವ ಸಮಿತಿಯನ್ನೇ ಮಕ್ಕಳು ನಂಬುವುದು.

ಅಧ್ಯಾಪಕರಲ್ಲಿ ನನ್ನ ಕೋರಿಕೆ: ಸಮಿತಿಯವರ ಹೆಸರು, ಅವರು ಸಿಗುವ ಹೊತ್ತು ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಲಿ, ಮರಾಠಿಯಲ್ಲೂ ಇರಲಿ. ಹೌಸ್‌ಕೀಪಿಂಗ್‌ನವರಿಗೆ, ಸೆಕ್ಯುರಿಟಿಯವರಿಗೆ ಕೂರಿಸಿ ತಿಳಿಸಿ ಹೇಳಿ.

ಈಗ ಓದುತ್ತಿರುವವರೇ, ಪುರಾವೆ ಪೂರ್ತಿ ಸಿಗಲಿ ಎಂದು ಕಾಯಬೇಡಿ. ಲೈಂಗಿಕ ಕಿರುಕುಳದ ದೂರಿಗೆ ಮೂರು ತಿಂಗಳ ಗಡುವಿದೆ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಸಾಬೀತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ. ದಿನಾಂಕ ಬರೆದಿಡಿ, ಮೆಸೇಜು ಅಳಿಸಬೇಡಿ, ನಂಬುವ ಒಬ್ಬರೊಡನೆ ಈ ವಾರವೇ ಮಾತಾಡಿ.