ಅಪ್ಪ ಟಾರ್ಚ್ ಹಿಡಿದು ಹುಡುಕಿದ ಜಿಗಣೆ

ಜುಲೈ 17, 2025, ಗುರುವಾರ
ಸೋಮವಾರಪೇಟೆ ಹತ್ತಿರ

ರಾತ್ರಿ ಎರಡೂಕಾಲಕ್ಕೆ ಎಚ್ಚರವಾಯ್ತು. ಮಳೆ ಸದ್ದಿನ ನಡುವೆಯೂ ಜಗಲಿಯಲ್ಲಿ ಅಪ್ಪನ ಹೆಜ್ಜೆ ಕೇಳಿಸುತ್ತಿತ್ತು. ಹೋಗಿ ನೋಡಿದರೆ ಪಂಚೆ ಮೊಣಕಾಲಿನ ತನಕ ಎತ್ತಿ ಕಟ್ಟಿ, ಗೋಡೆ ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. "ನೀನು ಮಲಗು ಮಗಾ, ಇನ್ನು ಸ್ವಲ್ಪ ಹೊತ್ತಷ್ಟೇ" ಅಂದರು. ನಾನು ಮಲಗಲಿಲ್ಲ. ಬೆಂಚಿನ ಮೇಲೆ ಕೂತುಕೊಂಡೆ.

ಎರಡು ತಿಂಗಳ ಹಿಂದೆ ಆಗಿದ್ದರೆ ಬೈದಿರುತ್ತಿದ್ದೆ. ಬೈದಿದ್ದೇನೆ ಕೂಡ. ಹಗಲೆಲ್ಲ ತೂಕಡಿಸಿದರೆ ರಾತ್ರಿ ನಿದ್ದೆ ಎಲ್ಲಿಂದ ಬರುತ್ತೆ ಅಪ್ಪಾ ಅಂತ. ಅದನ್ನು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ.

ಅಪ್ಪನಿಗೆ ಡಯಾಲಿಸಿಸ್ ಶುರುವಾಗಿ ಒಂದೂವರೆ ವರ್ಷ. ಸೋಮವಾರ, ಬುಧವಾರ, ಶುಕ್ರವಾರ ಮಡಿಕೇರಿ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ನಿದ್ದೆ ಬರಲ್ಲ ಅಂತ ಮೊದಲಿಂದಲೂ ಹೇಳುತ್ತಿದ್ದರು. ವಯಸ್ಸು, ಚಿಂತೆ, ಮಳೆಗಾಲದ ಥಂಡಿ ಅಂತ ನಾವೇ ಕಾರಣ ಕೊಟ್ಟುಕೊಂಡೆವು. ಜೂನ್ ಮೊದಲ ವಾರ ಒಂದು ರಾತ್ರಿ ಹಾಸಿಗೆ ಮೇಲೆ ಕೂತು, ಟಾರ್ಚ್ ಬಿಟ್ಟುಕೊಂಡು ಮೀನಖಂಡ ಹುಡುಕುತ್ತಿದ್ದರು. ಬೆರಳಿನಿಂದ ಚರ್ಮ ಸರಿಸಿ ಸರಿಸಿ ನೋಡುತ್ತಿದ್ದರು. "ಜಿಗಣೆ ಹತ್ತಿದೆ, ಹರಿದಾಡ್ತಾ ಇದೆ ನೋಡು." ನಲವತ್ತು ಮಳೆಗಾಲ ಕಾಫಿ ತೋಟದಲ್ಲಿ ಓಡಾಡಿದ ಕಾಲು, ಜಿಗಣೆ ಗೊತ್ತಿಲ್ಲದ್ದೇನಲ್ಲ. ನಾನೂ ನೋಡಿದೆ. ಏನೂ ಇರಲಿಲ್ಲ. "ಹಾಗಾದ್ರೆ ಒಳಗಿದೆ" ಅಂದರು.

ಮುಂದಿನ ಸಲ ಡಾಕ್ಟರಿಗೆ ಇದೇ ಮಾತು ಹೇಳಿದೆ. ಅವರು ಅಪ್ಪನನ್ನೇ ಕೇಳಿದರು: ಸುಮ್ನೆ ಮಲಗಿದಾಗ ಜಾಸ್ತಿಯಾ? ಎದ್ದು ನಡೆದರೆ ಕಡಿಮೆಯಾ? ಸಂಜೆ ಮೇಲೇ ಬರುತ್ತಾ? ಮೂರಕ್ಕೂ ಅಪ್ಪ ಹೌದು ಅಂದರು. ರೆಸ್ಟ್‌ಲೆಸ್ ಲೆಗ್ಸ್, ಅಂದರೆ ಕಾಲಿನ ಚಡಪಡಿಕೆ ಅಂತ ಇದಕ್ಕೆ ಹೆಸರು. ಕಿಡ್ನಿ ಕೆಟ್ಟವರಲ್ಲಿ ತುಂಬಾ ಜನಕ್ಕೆ ಇರುತ್ತದಂತೆ. ರಕ್ತದಲ್ಲಿ ಕಬ್ಬಿಣದಂಶ ಕಡಿಮೆಯಾದರೆ ಇನ್ನೂ ಹೆಚ್ಚು. ಮೈಯಲ್ಲಿ ಕಬ್ಬಿಣದಂಶ ಎಷ್ಟಿದೆ ಅಂತ ತಿಳಿಯೋಕೆ ಫೆರಿಟಿನ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿದರು, ಕಡಿಮೆಯೇ ಇತ್ತು. ಈಗ ಡಯಾಲಿಸಿಸ್ ಹೊತ್ತಿನಲ್ಲೇ ಐರನ್ ಇಂಜೆಕ್ಷನ್ ಕೊಡುತ್ತಿದ್ದಾರೆ.

ಇನ್ನೊಂದು ಮಾತು ನನಗೆ ಚುಚ್ಚಿತು. ಮೈ ತುರಿಕೆಗೆ ಅಂತ ನಾನೇ ಮೆಡಿಕಲ್‌ನಿಂದ ಅಲರ್ಜಿ ಮಾತ್ರೆ ತಂದು ರಾತ್ರಿ ಕೊಡುತ್ತಿದ್ದೆ. ನಿದ್ದೆಯೂ ಬರಲಿ ಅಂತ. ಮಂಪರು ತರಿಸುವ ಆ ಥರದ ಮಾತ್ರೆಗಳೇ ಕಾಲಿನ ಈ ಚಡಪಡಿಕೆ ಹೆಚ್ಚಿಸಬಹುದಂತೆ. ಕೆಲವು ಔಷಧಿ ಕಿಡ್ನಿಯಿಂದಲೇ ಹೊರಗೆ ಹೋಗಬೇಕು, ಹೋಗದಿದ್ದರೆ ಮೈಯಲ್ಲೇ ಉಳಿದು ವಿಪರೀತ ಆಗುತ್ತದೆ. ಮನೆಯಲ್ಲಿ ಕಿಡ್ನಿ ತೊಂದರೆ ಇರುವವರಿದ್ದರೆ, ದಯವಿಟ್ಟು ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ ಏನನ್ನೂ ಕೇಳದೆ ಕೊಡಬೇಡಿ.

ಸಂಜೆಯ ಬೆಲ್ಲದ ಕಾಫಿ ನಿಲ್ಲಿಸಿದ್ದೇವೆ. ಅಪ್ಪನಿಗೆ ಇದೇ ದೊಡ್ಡ ಕಷ್ಟ. ಮಲಗುವ ಮುಂಚೆ ಅವ್ವ ಬಿಸಿನೀರಲ್ಲಿ ಕಾಲು ಅದ್ದಿಸಿ, ಮೀನಖಂಡ ಒತ್ತಿ ಕೊಡುತ್ತಾರೆ. ಡಯಾಲಿಸಿಸ್ ಹೊತ್ತಿನಲ್ಲಿ ಮಲಗಿಬಿಡಬೇಡಿ ಅಂತ ಅಲ್ಲಿನ ಸಿಸ್ಟರ್ ಹೇಳಿದ್ದಾರೆ. ಆದರೆ ರಾತ್ರಿಯಿಡೀ ನಡೆದ ಮನುಷ್ಯನನ್ನು ಹೇಗೆ ಎಬ್ಬಿಸೋದು? ನನಗಂತೂ ಮನಸ್ಸು ಬರಲ್ಲ.

ಮೂರು ಗಂಟೆ ಹೊತ್ತಿಗೆ ಅಪ್ಪ ಮಲಗಿದರು. ಗೊರಕೆ ಶುರುವಾಯ್ತು. ಸಮಾಧಾನ ಆಯ್ತು ಅನ್ನುವಷ್ಟರಲ್ಲಿ ಗೊರಕೆ ನಿಂತಿತು. ಉಸಿರೂ ಕೇಳಲಿಲ್ಲ. ಎಣಿಸಿದೆ, ಹದಿನಾಲ್ಕರ ತನಕ. ಆಮೇಲೆ ಒಮ್ಮೆಲೇ ಜೋರಾಗಿ ಉಸಿರೆಳೆದುಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ. ಹಗಲು ಕಾಲಲ್ಲಿ ನಿಂತ ನೀರು ಮಲಗಿದಾಗ ಕುತ್ತಿಗೆ ಕಡೆ ಏರಿ ಉಸಿರಿನ ದಾರಿ ಇಕ್ಕಟ್ಟಾಗಬಹುದು ಅಂತ ಓದಿದ್ದೆ. ಕಣ್ಣಾರೆ ಕಂಡದ್ದು ಇದೇ ಮೊದಲು.

ತಲೆಯ ಕೆಳಗೆ ಇನ್ನೊಂದು ದಿಂಬು ಇಟ್ಟೆ. ಫೋನಿನಲ್ಲಿ ಆ ಸದ್ದು ರೆಕಾರ್ಡ್ ಮಾಡಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಐದೂವರೆಗೆ ಮಡಿಕೇರಿಗೆ ಹೊರಡಬೇಕು. ಡಾಕ್ಟರಿಗೆ ಮೊದಲು ಅದನ್ನೇ ಕೇಳಿಸುತ್ತೇನೆ.