ನಾನೇ ಬಳಿದ ಸಿಮೆಂಟ್, ನಾನೇ ಕಿತ್ತೆ

ಬೀದರ್ ಹಳೇ ಊರಿನ ಆ ಮನೆಗೆ ಕಾಲಿಟ್ಟ ಕೂಡಲೇ ನನಗೆ ಗುರುತು ಸಿಕ್ಕಿತು. ಬಾಗಿಲ ಎಡಗಡೆ ಗೋಡೆಗೆ ಸಿಮೆಂಟ್ ಬಳಿದವನು ನಾನೇ. 2006ರಲ್ಲಿ, ಗೌಂಡಿ ಕೆಲಸ ಕಲಿತು ಎರಡೇ ವರ್ಷ ಆಗಿದ್ದಾಗ. ಖುಷಿಗೆ ಮೂಲೆಯಲ್ಲಿ ಮೊಳೆಯಿಂದ ಇಸವಿಯನ್ನೂ ಗೀಚಿದ್ದೆ.

ಈಗ ಅದೇ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು.

ಮನೆಯ ಅಜ್ಜಿಗೆ ನನ್ನ ನೆನಪಿರಲಿಲ್ಲ. "ಯಾವನೋ ಬಂದು ಹಚ್ಚಿ ಹೋದ ನೋಡಪಾ, ಅವನ ಕೈ ಸೇದಿ ಹೋಗ್ಲಿ" ಅಂತ ಬೈದರು. ನಾನು ಹೂಂ ಅಂದೆ. ಮತ್ತೇನು ಅನ್ನಲಿ? ಉಳಿ ತಗೊಂಡು ಮೊದಲು ಆ ಇಸವಿ ಇದ್ದ ಮೂಲೆಯನ್ನೇ ಒಡೆದೆ.

ಸಿಮೆಂಟ್ ಹಲಗೆ ಹಲಗೆಯಾಗಿ ಬಂತು. ಅದರ ಬೆನ್ನಿಗೆ ನಮ್ಮ ಕೆಂಪು ಕಲ್ಲು, ಅಂದರೆ ಜಂಬಿಟ್ಟಿಗೆ, ಬೆರಳಗಲ ಅಂಟಿಕೊಂಡು ಬಂತು. ಒಳಗೆ ಬೆಳ್ಳಗೆ ಉಪ್ಪು. ಬೆರಳಲ್ಲಿ ಒತ್ತಿದರೆ ಕಲ್ಲು ಒದ್ದೆ ಬೆಲ್ಲದ ಹಾಗೆ ಉದುರುತ್ತಿತ್ತು. ಈ ಕಲ್ಲು ಮೈತುಂಬ ತೂತು, ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಗಚ್ಚು, ಅಂದರೆ ಸುಣ್ಣದ ಗಾರೆ, ಬಳಿದಿದ್ದರೆ ಆ ತೇವ ಅದರ ಮೂಲಕ ಹೊರಗೆ ಹೋಗಿ ಆರುತ್ತದೆ. ಸಿಮೆಂಟ್ ದಾರಿ ಬಿಡಲ್ಲ. ನೀರು ಒಳಗೇ ಉಳಿದು ಕಲ್ಲನ್ನೇ ತಿನ್ನುತ್ತದೆ. ಇದು ನನಗೆ ಆವಾಗ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲೂ ಇಲ್ಲ. ಸಿಮೆಂಟ್ ಅಂದರೆ ಗಟ್ಟಿ, ಗಟ್ಟಿ ಅಂದರೆ ಒಳ್ಳೇದು, ಅಷ್ಟೇ ಲೆಕ್ಕ.

ಹೇಳಿಕೊಟ್ಟವರು ಆಮೇಲೆ ಸಿಕ್ಕ ಗಚ್ಚಿನ ಉಸ್ತಾದ್. ಅವರ ಕೈಕೆಳಗೆ ಸೇರಿದ ಮೊದಲ ವಾರ ಗಚ್ಚು ಬಳಿಯುವ ಕರಣಿ ಮುಟ್ಟಲೂ ಬಿಡಲಿಲ್ಲ, ನಮ್ಮೂರಿನ ಹಳೇ ವಿದ್ಯಾಲಯ ಮಹಮೂದ್ ಗವಾನ್ ಮದರಸಾದ ಮುಂದೆ ಕೂರಿಸಿದರು. 1472ರಲ್ಲಿ ಗಚ್ಚು ಹಾಕಿ ಕಟ್ಟಿದ್ದು. 1696ರಲ್ಲಿ ಒಳಗಿದ್ದ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಒಂದು ಭಾಗವೇ ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ನೀಲಿ ಹೆಂಚಿನ ತುಂಡುಗಳು ಇನ್ನೂ ಕಚ್ಚಿಕೊಂಡಿವೆ. "ಮದ್ದಿಗೆ ಬಿತ್ತು ತಮ್ಮಾ, ಮಳೆಗೆ ಬೀಳಲಿಲ್ಲ" ಅಂದರು. ಸುಮ್ನೆ ಜಂಬದ ಮಾತು ಅನ್ನಿಸಿತ್ತು ನನಗೆ.

ಇರಲಿ, ಅಜ್ಜಿ ಮನೆಗೆ ಬರೋಣ. ಸುಟ್ಟ ಸುಣ್ಣದ ಕಲ್ಲನ್ನು ಒಂದು ತಿಂಗಳ ಮೊದಲೇ ಗುಂಡಿಯಲ್ಲಿ ನೀರು ಹಾಕಿ ಅರಳಿಸಿಟ್ಟಿದ್ದೆ. ನೀರು ಬಿದ್ದ ತಕ್ಷಣ ಅದು ಕೊತಕೊತ ಕುದಿಯುತ್ತದೆ, ಹತ್ತಿರ ಹೋದರೆ ಕಣ್ಣಿಗೇ ಅಪಾಯ. ತಿಂಗಳು ಕಳೆದ ಮೇಲೆ ಬೆಣ್ಣೆ ಆಗುತ್ತದೆ. ಅದಕ್ಕೆ ಮರಳು, ಸುರ್ಕಿ ಅಂದರೆ ಇಟ್ಟಿಗೆ ಪುಡಿ, ಆಮೇಲೆ ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರು. ಆ ನೀರಿನ ವಾಸನೆಗೆ ಓಣಿಯ ಹುಡುಗರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು, ನೊಣಗಳು ಮಾತ್ರ ಊರೆಲ್ಲ ಬಿಟ್ಟು ನಮ್ಮ ಹತ್ತಿರವೇ. ಗಚ್ಚು ಹದ ಬಂತಾ ಅಂತ ನೋಡೋಕೆ ಯಾವ ಮೀಟರೂ ಬೇಡ. ಗಚ್ಚು ತಗೊಂಡ ಕರಣಿಯನ್ನು ತಲೆಕೆಳಗೆ ಹಿಡಿಯಬೇಕು, ಗಚ್ಚು ಬೀಳಬಾರದು, ಅಷ್ಟೇ.

ಬಳಿಯುವ ಮುಂಚೆ ಗೋಡೆಗೆ ನೀರು ಕುಡಿಸಬೇಕು. ಒಣ ಕಲ್ಲು ಗಚ್ಚಿನ ನೀರನ್ನೆಲ್ಲ ಎಳೆದುಕೊಂಡರೆ ಬಿರುಕು ಗ್ಯಾರಂಟಿ. ಬಳಿದ ಮೇಲೂ ಒದ್ದೆ ಗೋಣಿಚೀಲ ಹೊದಿಸಿ ದಿನಾ ನೀರು ಚಿಮುಕಿಸುತ್ತಿರಬೇಕು. ಅದೇ ಬೇಜಾರಿನ ಕೆಲಸ. ಎಷ್ಟೋ ಕಡೆ ಗಚ್ಚು ಹಾಳಾಗುವುದು ಇಲ್ಲೇ, ಯಾಕಂದ್ರೆ ಬಳಿದವನು ದುಡ್ಡು ತಗೊಂಡು ಹೋಗಿಬಿಡ್ತಾನೆ, ಬೀದರ್ ಬಿಸಿಲಿಗೆ ಎರಡೇ ದಿನದಲ್ಲಿ ಅದು ಒಣಗಿ ಪುಡಿಯಾಗುತ್ತದೆ.

ಮೂರನೇ ದಿನ ಅಜ್ಜಿ ಚಹಾ ತಂದು ಕೂತರು, ಮತ್ತೆ ಆ ಹಳೇ ಗೌಂಡಿಯನ್ನು ಬೈಯಲು ಶುರು ಮಾಡಿದರು. ಈ ಸಲ ಅವನ ಅಪ್ಪ, ಅವ್ವನನ್ನೂ ಸೇರಿಸಿದರು. ತಡೆಯಲಾಗಲಿಲ್ಲ. "ಅಜ್ಜಿ, ಅವ ನಾನೇ ಇದ್ದೀನಿ" ಅಂದೆ.

ಅವರು ಕನ್ನಡಕ ಸರಿ ಮಾಡಿಕೊಂಡು ನನ್ನ ಮುಖ ನೋಡಿದರು, ಆಮೇಲೆ ಗೋಡೆ ನೋಡಿದರು. "ಚಾ ಆರ್ತದ, ಕುಡಿ" ಅಂದರು.

ಲೆಕ್ಕ ಮುಗಿಸುವಾಗ ಸಿಮೆಂಟ್ ಒಡೆದ ದಿನದ ಕೂಲಿ ಕೊಡಲಿಲ್ಲ. ನಾನೂ ಕೇಳಲಿಲ್ಲ.